ಗೆರಿ ಸಪಾಟ ಬರಬೇಕ್ರಿ

ಲೋಕದಾಗ ಕೆಲವು ಮಂದಿ ಇರ್ತಾರ, ಅವರು ಸುಮ್ಮನ ಕುಂತ್ರೂ ಕಿತಾಪತಿ ಅವರನ್ನ ಹುಡಿಕ್ಕೊಂಡು ಬರತೈತಿ. ಆ ಮಂದಿಯೊಳಗ ನಾನೂ ಒಬ್ಬ. ಬಾಗಿಲಾ ಹಾಕಿ, ಚಿಲಕಾ ಇಟ್ಟು, ಯಾರಿಗೂ ತ್ರಾಸ ಕೊಡದಂಗ ಒಂದ ಸಣ್ಣ ಕೆಲಸ ಮಾಡಾಕ ಕುಂತ್ರ ಸಾಕು, ಅರ್ಧ ತಾಸಿನ್ಯಾಗ ಅರ್ಧ ಓಣಿ ನಮ್ಮ ಕಟ್ಟಿಮ್ಯಾಲ ಇರತೈತಿ. "ನೀವು ಸ್ಪೀಕರ್ ಯಾಕ ಮಾಡಾಕ ಹೊಕ್ಕೀರಿ, ನೀವಾ ಒಂದ ಸ್ಪೀಕರ್ ಅದೀರಿ, ಊರಿಗೆಲ್ಲಾ ಕೇಳಸ್ತೀರಿ" ಅಂತಾಳ ನನ್ನ ಹೆಂಡತಿ.

ಆಗ ನಾ ರಾಣೆಬೆನ್ನೂರಾಗ ಒಂದ ಬೀಜದ ಕಂಪನ್ಯಾಗ ಕೆಲಸಕ್ಕಿದ್ದೆ. ಹೊಲಾ ತಿರಗೂದು, ಬೀಜ ಮೊಳಕಿ ಒಡೀತೈತೋ ಇಲ್ಲೋ ನೋಡೂದು ನನ್ನ ಉದ್ಯೋಗ. ರಜಾ ಸಿಕ್ಕರ ಸ್ಪೀಕರ್ ಬಿಚ್ಚಿ ಜೋಡಸೂದು ನನ್ನ ಹುಚ್ಚು. ಮನಿಗೆ ಕಂಪ್ಯೂಟರ್ ಬಂದು ಭಾಳ ದಿನಾ ಆಗಿರಲಿಲ್ಲ. ಆ ಹಳೇ ಟೀವಿಯಂಥಾ ದಪ್ಪ ಪರದೆದ್ದು, ಎತ್ತಿದ್ರ ನಡಾ ಹಿಡೀತಿತ್ತು.

ನಮ್ಮ ಅತ್ತಿಯವರದು ಬ್ಯಾಡಗಿ. ಮನಿತುಂಬ ಮೆಣಸಿನಕಾಯಿ, ಬಾಯಿತುಂಬ ಭಜನಿ. ಅವರ ಓಣಿ ಈಶ್ವರ ಗುಡ್ಯಾಗ ಸೋಮವಾರಕ್ಕೊಮ್ಮೆ ಹೆಣ್ಣಮಕ್ಕಳ ಭಜನಿ ನಡೀತಿತ್ತು, ಅದಕ್ಕ ಅವರಾ ಮುಖ್ಯಸ್ಥರು. ಆದ್ರ ಗುಡಿ ಮ್ಯಾಲಿನ ಮೈಕಿನ ತಗಡಿನ ಭೋಂಗಾ ಎಂಥಾದಂದ್ರ, ಒಳಗ ಹಾಡಿದ್ರ ಹೊರಗ ಬಸ್ಸಿನ ಬ್ರೇಕ್ ಹಿಡದಂಗ ಕೇಳತಿತ್ತು. ಗುಡಿ ಕಮಿಟಿ ಅಧ್ಯಕ್ಷರು, ಮೆಣಸಿನಕಾಯಿ ದಲಾಲಿ ಅಂಗಡಿಯವರು, ಒಂದ ದಿನಾ ಬಾಯಿ ಬಿಟ್ಟ ಹೇಳೇ ಬಿಟ್ರು: "ಅಕ್ಕಾರ, ಶಿವರಾತ್ರಿಯಿಂದ ಸೀಡಿ ಹಚ್ಚೋಣ್ರಿ. ನೀವು ಹಾಡೂದು ಒಂದಕ್ಷರ ತಿಳೀವಲ್ದು. ಮಂದಿ ಗುಡಿಗೆ ಬರೂದಾ ಬಿಟ್ಟಾರ."

ಅತ್ತಿಯವರು ಅವತ್ತ ಊಟಾ ಬಿಟ್ರಂತ. ಮರುದಿನಾ ನನಗ ಫೋನ್ ಬಂತು. "ಅಳಿಯದೇವ್ರ, ಮದುವ್ಯಾಗಿ ಈ ಊರಿಗೆ ಬಂದಾಗಿಂದ ಆ ಗುಡ್ಯಾಗ ಹಾಡೇನಿ. ಈಗ ಒಂದ ಪ್ಲಾಸ್ಟಿಕ್ ಬಿಲ್ಲೆಗೆ ನನ್ನ ಜಾಗಾ ಬಿಟ್ಟ ಕೊಡೂದಿಲ್ಲ. ನಮ್ಮ ದನಿ ನಮ್ಮ ದನಿ ಹಂಗಾ ಕೇಳೂವಂಥಾ ಡಬ್ಬಿ ಮಾಡಿ ಕೊಡ್ರಿ. ಶಿವರಾತ್ರಿ ಸಂಜಿಗೆ ಬೇಕು."

ಅತ್ತಿ ಕೇಳಿದ ಮ್ಯಾಲ ಅಳಿಯಗ ಬ್ಯಾರೆ ದಾರಿ ಐತೇನು? ಹೂಂ ಅಂದೆ.

ನೀರು ಬಂತು

ಸ್ಪೀಕರ್ ಡಬ್ಬಿ ಬಡದು ನಿಂದ್ರಸೂದು ದೊಡ್ಡ ಮಾತಲ್ಲ. ಅದು ಖರೇ ಹೇಳತೈತೋ ಸುಳ್ಳ ಹೇಳತೈತೋ ನೋಡೂದಾ ಕೆಲಸ. ಅದಕ್ಕ ಇಂಟರ್ನೆಟ್ ಅಂಗಡ್ಯಾಗ ಕುಂತು ಒಂದ ಉಪಾಯ ಕಲತಿದ್ದೆ. ಕಂಪ್ಯೂಟರಿನ್ಯಾಗ ಪುಕ್ಕಟ ಸಿಗೂ ರೆಕಾರ್ಡಿಂಗ್ ಸಾಫ್ಟ್‌ವೇರ್ ಇತ್ತು. ಅದರಿಂದ ಸ್ಪೀಕರಿಗೆ ಒಂದ ದನಿ ಕೊಡೂದು. ತೀರಾ ದಪ್ಪ 'ಊಂ'ನಿಂದ ಸುರುವಾಗಿ, ತೀರಾ ಸಣ್ಣ 'ಈಂ' ತನಕಾ, ಒಂದ ಸಮ ಏರಕೋತ ಹೋಗೂ ದನಿ. ಎದುರಿಗೊಂದು ಮೈಕ್ ಇಟ್ಟು ಅದನ್ನ ಮತ್ತ ಕಂಪ್ಯೂಟರಿಗೇ ತುಂಬೂದು. ಎಲ್ಲಾ ದನಿನೂ ಸ್ಪೀಕರ್ ಒಂದಾ ಜೋರಿಲೆ ಹೊರಗ ಬಿಟ್ರ ಪರದೆ ಮ್ಯಾಲ ಗೆರಿ ಸಪಾಟ ಬರತೈತಿ. ಎಲ್ಲಿ ಒದರತೈತೋ ಅಲ್ಲಿ ಗೆರಿ ಉಬ್ಬತೈತಿ, ಎಲ್ಲಿ ನುಂಗತೈತೋ ಅಲ್ಲಿ ತಗ್ಗ ಬೀಳತೈತಿ. ಗೆರಿ ಸಪಾಟ ಆತಂದ್ರ ಅತ್ತಿಯವರ ದನಿ ಅತ್ತಿಯವರ ದನಿನಾ.

ಒಂದ ಐತವಾರ ಮುಂಜಾನೆ ಬಾಗಿಲಾ ಹಾಕ್ಕೊಂಡು ಮೊದಲನೇ 'ಊಂ' ಬಿಟ್ಟೆ.

ನಮ್ಮ ಓಣ್ಯಾಗ ನಳದ ನೀರು ಯಾವಾಗ ಬರತೈತಿ ಅಂತ ಆ ನೀರಿಗೂ ಗೊತ್ತಿರಲಿಲ್ಲ. ಒಬ್ಬರ ಮನಿ ಮೋಟರ್ 'ಊಂ' ಅಂತಂದ್ರ ನೀರು ಬಂದೇತಿ ಅಂತ ಉಳದಾವರು ತಿಳಕೊಳ್ಳೂದು. ನನ್ನ ಸ್ಪೀಕರ್ 'ಊಂ' ಅಂದಿದ್ದಾ ತಡಾ, "ನೀರ ಬಂತ್ರೆವ್ವಾ" ಅಂತ ಒಬ್ಬಾಕಿ ಕೂಗಿದ್ಲು. ಓಣಿಯೊಳಗಿನ ಮೋಟರೆಲ್ಲಾ ಒಮ್ಮೆಲೇ ಚಾಲೂ ಆದ್ವು. ಕೊಡಾ, ಬಕೀಟು, ಡ್ರಮ್ಮು ಹೊರಗ ಬಂದ್ವು. ತಲಿಗೆ ಸೀಗೆಕಾಯಿ ಹಚ್ಚಿಕೊಂಡಾವರೊಬ್ಬರು ಹಂಗಾ ಬಂದ ನಿಂತ್ರು.

ನಳದಾಗ ಬರೇ ಗಾಳಿ. ಎದುರು ಮನಿಯಾಕಿ ನಮ್ಮ ಬಾಗಿಲಾ ಬಡದ್ಲು. "ನಿಮ್ಮ ಮನಿಗೊಂದಾ ನೀರು ಬಂದು ನಮಗ ಬರಲಿಲ್ಲಂದ್ರ ಏನ ಅರ್ಥ್ರಿ? ನಗರಸಭಾದಾಗ ನಿಮ್ಮಾವ ಯಾಂವರೆ ಅದಾನೇನು?"

"ನೀರಲ್ಲವಾ, ಇದು ದನಿ" ಅಂದೆ.

"ದನಿ ಕೇಳೇ ಬಂದೇನಿ. ನೀರು ಎಲ್ಲಿ ಮುಚ್ಚಿಟ್ಟೀರಿ ಹೇಳ್ರಿ" ಅಂತ ಕೊಡಾ ಹಿಡಕೊಂಡು ಸೀದಾ ಬಚ್ಚಲಕ್ಕ ಹೋಗಿ ಹಂಡೆ ಇಣಿಕಿ ನೋಡಿದ್ಲು. ಅಲ್ಲೂ ಖಾಲಿ. ಕಡೀಕೆ ಸ್ಪೀಕರ್ ಮುಂದ ಕುಂದ್ರಿಸಿ ಇನ್ನೊಮ್ಮೆ 'ಊಂ' ಕೇಳಸಿದೆ. ಎಲ್ಲಾರೂ ನನ್ನನ್ನೂ ನನ್ನ ಡಬ್ಬಿನ್ನೂ ಬೈಕೋತ ಹೋದ್ರು.

ಎರಡ ದಿನಕ್ಕ ಖರೇನಾ ನೀರು ಬಂತು. ನಮ್ಮ ಮೋಟರ್ 'ಊಂ' ಅಂತು. ಒಬ್ಬರೂ ಮ್ಯಾಲೇಳಲಿಲ್ಲ. "ಏ, ಅದು ಬೀಜದ ಸಾಹೇಬರ ಡಬ್ಬಿ ಬಿಡ್ರಿ" ಅಂತ ಹೊಳ್ಳಿ ಮಲಗಿದ್ರು. ಆ ವಾರ ಇಡೀ ಓಣ್ಯಾಗ ನಮ್ಮ ಮನಿಯೊಂದ್ರಾಗ ನೀರಿತ್ತು.

ತವರಮನಿ ತಂಬಗಿ

ಗೆರಿ ಒಂದ ಹದಕ್ಕ ಬಂತು. ಆದ್ರ ನಟ್ಟನಡುವ ಒಂದ ಜಾಗಾದಾಗ ಮಾತ್ರ ಮೊಳಿ ಹೊಡದಂಗ ಎದ್ದ ನಿಂತಿತ್ತು. ವೈರ್ ಬದಲಿಸಿದೆ, ಹಂಗಾ ಇತ್ತು. ಡಬ್ಬಿಯೊಳಗ ಹತ್ತಿ ತುಂಬಿದೆ, ಹಂಗಾ ಇತ್ತು. ಮೈಕ್ ಕೆಟ್ಟೇತಿ ಅಂತ ಹೊಸಾದ ತಂದೆ, ಅದರಾಗೂ ಅದಾ ಮೊಳಿ. ಮೈ ಉರದ ಹೋತು.

ಒಂದ ಸಲಾ ದನಿ ನಿಂತ ಮ್ಯಾಲೂ ಎಲ್ಲೋ ಏನೋ 'ಣಿಂ' ಅನ್ನಾಕತ್ತಿತ್ತು. ಕಿವಿ ಹಚ್ಚಿ ಹುಡಿಕ್ಕೋತ ಹೋದ್ರ ಅಡಗಿ ಮನಿ ಫಳಿಗಿ ಬಂದೆ. ಫಳಿ ಮ್ಯಾಲ ಲಗ್ನದಾಗ ಬಂದ ಸ್ಟೀಲ್ ಪಾತ್ರಿ ಸಾಲಾಗಿ ಕುಂತಿದ್ವು, ಗಂಗಾಳ, ತಂಬಗಿ, ಡಬರಿ, ಡಬ್ಬಿ. ನನ್ನ ಸ್ಪೀಕರ್ ಹಾಡಿದ್ರ ಅವೂ ಸೋ ಅಂತ ದನಿಗೂಡಸ್ತಿದ್ವು.

"ಒಂದ ತಾಸಿನ ಮಟ್ಟಿಗೆ ಈ ಪಾತ್ರಿ ತಗದಿಡ" ಅಂದೆ ಹೆಂಡತಿಗೆ.

"ಯಾಕ? ಇಷ್ಟ ವರ್ಷ ಬಾಳೇ ಮಾಡೇನಿ, ನನ್ನ ತವರಮನಿ ತಂಬಗಿ ಯಾರಿಗೂ ಅಡ್ಡ ಬಂದಿಲ್ಲ. ಈಗ ನಿಮ್ಮ ಗೆರಿಗೆ ಅಡ್ಡ ಬಂತೇನು?"

"ನಿಮ್ಮವ್ವನ ಕೆಲಸಾನಾ ಇದು" ಅಂದೆ.

ಅಷ್ಟಕ್ಕ ತಣ್ಣಗಾದ್ಲು. ಎಲ್ಲಾ ಪಾತ್ರಿ ಇಳಿಸಿ, ಒಂದೊಂದಕ್ಕೂ ಅರಬಿ ಸುತ್ತಿ, ಚೀಲದಾಗ ಹಾಕಿ, ಬಾಯಿ ಹೊಲದು ಅಟ್ಟಕ್ಕ ಏರಿಸಿಬಿಟ್ಲು. ಮೊಳಿ ಮಂಗಮಾಯ! ಖುಷಿ ತಡೀದಾ ಕುಣದಾಡಿ, ಕೈಕಾಲ ತೊಳಕೊಂಡು ತಾಟಿನ ಮುಂದ ಕುಂದ್ರಾಕ ಹೋದ್ರ ತಾಟಾ ಇಲ್ಲ. ವಲಿ ತಣ್ಣಗ ಕುಂತಿತ್ತು.

"ಅನ್ನಾ ಎಲ್ಲೆ?" ಅಂದೆ.

"ಯಾತರಾಗ ಮಾಡ್ಲಿ? ನಿಮ್ಮ ಸ್ಪೀಕರ್ ಡಬ್ಬಿ ಅಗಲ ಐತಿ, ಕೊಡ್ರಿ, ಅದರಾಗಾ ಕುದಿಯಾಕ ಇಡತೇನಿ" ಅಂದ್ಲು.

ಅಗಡಿ ಗಿಳಿ

"ಖರೇ ಗೆರಿ ಬೇಕಂದ್ರ ಗ್ವಾಡಿ ಇಲ್ಲದ ಬಯಲಾಗ ತಗೀಬೇಕು" ಅಂತ ಇಂಟರ್ನೆಟ್ಟಿನ್ಯಾಗ ಯಾರೋ ಬರದಿದ್ರು. ಬರದ ಪುಣ್ಯಾತ್ಮ ನಮ್ಮ ಕಡೆ ಹೊಲಾ ನೋಡಿರಲಿಕ್ಕಿಲ್ಲ. ಹಾವೇರಿ ದಾಟಿ ಅಗಡ್ಯಾಗ ಒಬ್ಬ ರೈತರು ನಮ್ಮ ಕಂಪನಿಗೆ ಸೂರ್ಯಕಾಂತಿ ಬೀಜಾ ಬೆಳೀತಿದ್ರು. ಅವರ ಪಂಪ್‌ಸೆಟ್ ಮನಿಯಿಂದ ಕರೆಂಟ್ ಎಳದು, ಬದುವಿನ ಮ್ಯಾಲ ಸ್ಪೀಕರ್ ಇಟ್ಟು, ಜೀಪಿನ್ಯಾಗ ಕಂಪ್ಯೂಟರ್ ಕುಂದ್ರಿಸಿ ದನಿ ಬಿಟ್ಟೆ.

ದನಿ ಏರಿ 'ಈಂ' ಅನ್ನೂದಕ್ಕ, ಸೂರ್ಯಕಾಂತಿ ತಿನ್ನಾಕತ್ತಿದ್ದ ಗಿಳಿ ಹಿಂಡು ಭರ್ರಂತ ಎದ್ದ ಹಾರಿ ಹೋತು.

ರೈತರು ಕೈ ಮುಗದಾ ಬಿಟ್ರು. "ಸಾಹೇಬ್ರ, ಬೀಜಾ ಹೆಂಗರೆ ಇರಲಿ, ಈ ಡಬ್ಬಿ ಇಲ್ಲೇ ಬಿಟ್ಟ ಹೋಗ್ರಿ. ಗಿಳಿ ಓಡಸಾಕ ತಗಡ ಬಡದ ಬಡದ ನನ್ನ ಕೈ ಬಿದ್ದ ಹೋಗ್ಯಾವ."

"ಇದು ನಮ್ಮ ಅತ್ತಿಯವರದ್ರಿ" ಅಂದೆ.

"ಅವರ ಹೊಲದಾಗೂ ಗಿಳಿ ಕಾಟ ಐತೇನ್ರಿ?"

ನಾ ವಿವರಾ ಹೇಳೂದ್ರೊಳಗ ಗಿಳಿ ಹೊಳ್ಳಿ ಬಂದ್ವು. ಒಂದಂತೂ ಧೈರ್ಯ ಮಾಡಿ ಸ್ಪೀಕರ್ ಮ್ಯಾಲಾ ಕುಂತು, ನನ್ನ 'ಈಂ'ಗೆ ತನ್ನದೊಂದು 'ಕೀಂ' ಸೇರಿಸಿ ಉತ್ತರಾ ಕೊಡಾಕ ಸುರು ಮಾಡಿತು. ಪರದೆ ನೋಡಿದ್ರ ನನ್ನ ಸ್ಪೀಕರಿಗಿಂತ ಗಿಳಿ ದನಿನಾ ಚಲೋ ಮೂಡಿತ್ತು. ರೈತರೂ ಇಣಿಕಿ ನೋಡಿದ್ರು. "ಹಂಗಾರ ಡಬ್ಬಿ ಇಲ್ಲಿರಲಿ ಸಾಹೇಬ್ರ, ಗಿಳಿ ಒಯ್ದು ಅತ್ತಿಯವರಿಗೆ ಕೊಡ್ರಿ" ಅಂದ್ರು.

ಹದಿನೈದು ಸಾವಿರ

ಶಿವರಾತ್ರಿ ಹತ್ತಿರ ಬಂತು. ಅತ್ತಿಯವರು ದಿನಾ ಫೋನ್ ಮಾಡಾಕ ಹತ್ತಿದ್ರು. ಅವರ ಮನಿ ಪಡಸಾಲಿ ದೊಡ್ಡದು, ಗುಡಿ ಅಂಗಳದಷ್ಟಾ ಐತಿ, ಕಡೀ ಅಳತಿ ಅಲ್ಲೇ ಮಾಡೋಣಂತ ಕಂಬಳ್ಯಾಗ ಕಂಪ್ಯೂಟರ್ ಸುತ್ತಿ, ತೊಡಿಮ್ಯಾಲ ಇಟ್ಟಕೊಂಡು, ಪ್ಯಾಸೆಂಜರ್ ಗಾಡಿ ಹತ್ತಿ ಬ್ಯಾಡಗಿಗೆ ಹೋದೆ. ಎದುರಿಗೆ ಕುಂತ ಮುದುಕಿ "ಕೂಸಿಗೆ ಗಾಳಿ ಬಿಡಪಾ" ಅಂದ್ಲು.

ಪಡಸಾಲ್ಯಾಗ ಚಪ್ಪಾಳಿ ಒಂದ ಹೊಡದ್ರ ನಾಕ ಕೇಳತಿದ್ವು. ಮೂಲಿ ಮೂಲ್ಯಾಗ ದಪ್ಪನ್ನ, ಮೆತ್ತನ್ನ ಸಾಮಾನ ಒಟ್ಟಿದ್ರ ಆ ಗದ್ದಲಾ ಹೀರಕೋತೈತಿ ಅಂತ ಓದಿದ್ದೆ. ಶಾಣ್ಯಾ ಊರಾಗ ಅದಕ್ಕ ಏನ ಒಟ್ಟತಾರೋ ಗೊತ್ತಿಲ್ಲ. ಬ್ಯಾಡಗ್ಯಾಗ, ಅದೂ ಸುಗ್ಗಿಯೊಳಗ, ದಪ್ಪನ್ನ ಮೆತ್ತನ್ನ ಸಾಮಾನ ಅಂದ್ರ ಒಂದಾ: ಮೆಣಸಿನಕಾಯಿ ಚೀಲಾ.

"ಹಿತ್ತಲದಾಗ ಅದಾವಲ್ಲ, ತಗೋರಿ" ಅಂದ್ರು ಅತ್ತಿಯವರು. ಹಮಾಲರನ್ನ ಕರಿಸಿ ನಾಲ್ಕೂ ಗ್ವಾಡಿಗೆ ಸೂರತನಕಾ ಚೀಲಾ ಒಟ್ಟಿಸಿದ್ವಿ. ಚಪ್ಪಾಳಿ ಹೊಡದೆ, ಒಂದಾ ಕೇಳಿತು. ನನ್ನ ಶಾಣ್ಯಾತನಕ್ಕ ನಾನಾ ಬೆನ್ನ ಚಪ್ಪರಿಸಿಕೊಂಡೆ.

'ಊಂ' ಬಿಟ್ಟೆ. ದಪ್ಪ ದನಿಗೆ ಚೀಲಾ ಗಡಗಡ ನಡುಗಿದ್ವು. ಚೀಲದೊಳಗಿನ ಖಾರಾ ಎಲ್ಲಾ ಹೊರಗ ಬಂತು. ಮೊದಲ ನಾ ಸೀನಿದೆ, ಆಮ್ಯಾಲ ಹೆಂಡತಿ, ಆಮ್ಯಾಲ ಅತ್ತಿಯವರು, ಕಡೀಕೆ ಕಟ್ಟಿಮ್ಯಾಲ ಮಲಗಿದ್ದ ನಾಯಿ. ಗೆರಿ ತುಂಬ ಸೀನಾ. ಮೂಗಿಗೆ ಒದ್ದಿ ಅರಬಿ ಕಟ್ಟಿಕೊಂಡು, ಉಸಿರ ಹಿಡದು, ಮತ್ತ ಮಾಡಿದ್ವಿ. ಈ ಸಲಾ ಗೆರಿ ಬಂತು ನೋಡ್ರಿ! ಎಡಕ್ಕ ಏರಿ, ಮುಂದ ಮೇಜಿನಂಗ ಸಪಾಟ ಹೋಗಿ, ತೀರಾ ಬಲಕ್ಕ ಮಾತ್ರ ಇಳೀತಿತ್ತು. ನನ್ನ ಜೀವನದಾಗಾ ಅಂಥಾ ಗೆರಿ ಕಂಡಿರಲಿಲ್ಲ.

ಅಷ್ಟರಾಗ ಅಧ್ಯಕ್ಷರು ಬಂದ್ರು, ಶಿವರಾತ್ರಿ ವರ್ಗಣಿ ರೊಕ್ಕಾ ಕೇಳಾಕ. ಬಾಗಲದಾಗಾ ನಿಂತ್ರು. ಸೂರಮುಟ್ಟ ಚೀಲಾ ನೋಡಿದ್ರು. ನಮ್ಮ ಮೂವರ ಮಾರಿಗೆ ಕಟ್ಟಿದ ಅರಬಿ ನೋಡಿದ್ರು. ಪರದೆ ಮ್ಯಾಲಿನ ಏರೂ ಗೆರಿ ನೋಡಿದ್ರು. ದಲಾಲಿ ಮನಷ್ಯಾ, ಕಣ್ಣ ಸಣ್ಣಾದ್ವು.

"ಏನಳಿಯಂದಿರ, ಕಂಪ್ಯೂಟರಿನ್ಯಾಗ ನೋಡೇ ಮಾಲು ಮಾರದಾ ತಡದೀರೇನು?" ಅಂದ್ರು ಮೆಲ್ಲಕ.

ನನಗ ಗೆರಿದಾ ಗುಂಗು. "ನೋಡ್ರಿ, ಹೆಂಗ ಏರೇತಿ!" ಅಂದೆ.

"ಏರಿದ್ದು ನಿಲ್ತೈತೇನು?"

"ಹದಿನೈದು ಸಾವಿರ ತನಕಾ ಗಟ್ಟಿ ನಿಲ್ತೈತ್ರಿ. ಅದರ ಮ್ಯಾಲ ಬೀಳತೈತಿ" ಅಂದೆ. ನಾ ಹೇಳಿದ್ದು ಸ್ಪೀಕರಿನ ಸಣ್ಣ ದನಿಯ ಹರ್ಟ್ಜ್ ಲೆಕ್ಕ. ಅವರು ತಿಳಕೊಂಡಿದ್ದು ಕ್ವಿಂಟಲ್ ಮೆಣಸಿನಕಾಯಿ ದರಾ. ಅಂಥಾ ದರಾ ಅವರು ಕನಸಿನ್ಯಾಗೂ ಕಂಡಿರಲಿಲ್ಲ. ವರ್ಗಣಿ ಮರತು, ಚಾ ಕುಡೀದಾ, ಚಪ್ಪಲಿ ಅದಲಬದಲ ಮೆಟ್ಟಿಕೊಂಡು ಓಡಿದ್ರು.

ಸಂಜಿ ಅನ್ನೂದಕ್ಕ ಊರಿಗೆಲ್ಲಾ ಸುದ್ದಿ. ಮಾಲು ಮಾರಾಕ ತಂದಾವರು ಹೊಳ್ಳಿ ಒಯ್ದ್ರು. ಎಲ್ಲಾರೂ ತಡದ್ರಂದ ಮ್ಯಾಲ ದರಾ ಖರೇನಾ ಒಂಚೂರು ಏರಿತು! ನಾಕ ದಿನಕ್ಕ ಅಧ್ಯಕ್ಷರು ಪೇಢೆ ಪೆಟ್ಟಿಗಿ ಹಿಡಕೊಂಡು ಬಂದ್ರು. ಇದಾ ಹೊತ್ತಂತ ಅತ್ತಿಯವರು, "ಮೊದಲ ನಮ್ಮ ಭಜನಿ ವಿಷಯಾ ಹೇಳ್ರಿ" ಅಂದ್ರು.

"ದಂಧೇ ಬ್ಯಾರೆ, ದೇವರು ಬ್ಯಾರೆ ಅಕ್ಕಾರ. ಸೀಡಿ ತಂದಾಗೇತಿ. ಶಿವರಾತ್ರಿ ದಿನಾ ಮೊದಲ ನೀವು ಹಾಡ್ರಿ. ಮಂದಿಗೆ ತಿಳದ್ರ ನೀವಾ, ತಿಳೀಲಿಲ್ಲಂದ್ರ ಸೀಡಿ." ಹಂಗಂತ ಅತ್ತಿಯವರಿಗೆ ಖಡಾಖಂಡಿತ ಹೇಳಿ, ನನ್ನ ಕಡೆ ವಾಲಿ ಕಿವ್ಯಾಗ ಕೇಳಿದ್ರು: "ಮುಂದಿನ ವಾರದ ಗೆರಿ ತಗದೀರೇನ್ರಿ?"

ಶಿವಶಿವಾ

ಶಿವರಾತ್ರಿ ಸಂಜಿ. ತಗಡಿನ ಭೋಂಗಾ ಇಳಿಸಿ, ಗುಡಿ ಕಂಬಕ್ಕ ನನ್ನ ಡಬ್ಬಿ ಕಟ್ಟಿದ್ದೆ. ಗುಡಿ ತುಂಬ ಮಂದಿ. ಅಧ್ಯಕ್ಷರು ಉಪವಾಸದ ಮಾರಿ ಮಾಡಿಕೊಂಡು, ಕೈಯಾಗ ಸೀಡಿ ಹಿಡಕೊಂಡು, ಮುಂದಿನ ಸಾಲಿನ್ಯಾಗ ಕುಂತಿದ್ರು. ಅತ್ತಿಯವರು ತಾಳದ ದಾರಾ ಬಿಚ್ಚೂದು, ಮತ್ತ ಕಟ್ಟೂದು ಮಾಡಾಕತ್ತಿದ್ರು. ಡಬ್ಬಿ ಕೈ ಕೊಟ್ರ ಆ ಹಿರೇಜೀವ ಇನ್ನ ಆ ಗುಡಿ ಮೆಟ್ಟಲಾ ಹತ್ತೂದಿಲ್ಲ ಅಂತ ನನಗ ಗೊತ್ತಿತ್ತು.

ಹಾರ್ಮೋನಿಯಂ ಎದ್ದಿತು. ಅತ್ತಿಯವರು ಕಣ್ಣ ಮುಚ್ಚಿ ದನಿ ತಗದ್ರು.

ಏನ ಹೇಳ್ಲಿ! ಬಾಜೂಕ ಕುಂತು ಕಿವ್ಯಾಗ ಹಾಡಿದಂಗ. ಅಕ್ಷರಕ್ಷರ ಬಿಡಿಸಿ ಇಟ್ಟಂಗ. ಗುಡಿ ಹೊರಗ ನಿಂತಾವರು ಒಳಗ ಬಂದ್ರು. "ನಮ್ಮ ಅಕ್ಕಾರ ದನಿ ಇಷ್ಟ ಚಲೋ ಐತೇನ?" ಅಂತ ಒಬ್ಬರು ಅಂದ್ರು. ನನ್ನ ಎದಿ ಉಬ್ಬಿತು, ನನ್ನ ಹೆಂಡತಿ ನನ್ನ ಕಡೆ ನೋಡಿ ನಕ್ಕಳು. ಲಗ್ನಾದಾಗ ಹಂಗ ನಕ್ಕಿದ್ಲು, ಅದರ ಮ್ಯಾಲ ಅವತ್ತಾ.

ಎರಡನೇ ಹಾಡು ಸುರುವಾತು. ಈಗ ಒಂದ ಮಾತು ಹೇಳಬೇಕು, ಅವತ್ತಿನ ತನಕಾ ಅದು ಭಜನಿ ಹಾಡೂ ಆ ಐದಾರು ಹೆಣ್ಣಮಕ್ಕಳನ್ನ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹಿಡದ ಭಜನಿ ನಡುವ ಬಿಡಬಾರದು ಅಂತ ಅವರ ಪದ್ಧತಿ. ಆದ್ರ ಮನಿ ಮಾತು, ಮಂದಿ ಮಾತು ಬಾಯಿಗೆ ಬಂದ್ರ ತಡಿಯಾಕ ಆಗತೈತೇನು? ಅದಕ್ಕ ಅದನ್ನೂ ಅದಾ ಧಾಟ್ಯಾಗ ಹಾಡಿ, ಕಡೀಕೊಂದು 'ಶಿವಶಿವಾ' ಹಚ್ಚಿಬಿಡತಿದ್ರು. ತಗಡಿನ ಭೋಂಗಾದಾಗ ಅದು ದೇವರಿಗೂ ತಿಳೀತಿರಲಿಲ್ಲ. ರೂಢಿಯಾಗಿ ಹೋಗಿತ್ತು. ಅವತ್ತೂ ರೂಢಿಯಂಗಾ ಅತ್ತಿಯವರು ಕಣ್ಣ ಮುಚ್ಚಿ, ತಾಳಾ ಬಾರಿಸಿ, ಭಕ್ತಿಯಿಂದ ಎತ್ತಿದ್ರು:

"ಹಾಲಿಗೆ ಹೆಪ್ಪ ಹಾಕಿ ಬಂದ್ಯೇನಾ, ಶಿವಶಿವಾ!"

ಬಾಜೂಕಿನಾಕಿ ಅದಾ ರಾಗದಾಗ:

"ಮರತಾ ಬಂದೇನವ್ವಾ, ಬೆಕ್ಕ ಕುಡದಿರತೈತಿ, ಶಿವಶಿವಾ!"

ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು. ನಾ ಗಾಬರಿಯಾಗಿ ಅತ್ತಿಯವರಿಗೆ ಸಾಕ್ರಿ ಅಂತ ಕೈ ಮಾಡಿದೆ. ಅವರು ಒಂದ ಕಣ್ಣ ತಗದು ನೋಡಿ, ಜೋರ ಹಾಡ್ರಿ ಅಂತಾನ ಅಂತ ತಿಳಕೊಂಡು ಮೈಕ್ ಹತ್ತಿರ ಸರದ್ರು.

"ಅಧ್ಯಕ್ಷರು ನಮ್ಮನ್ನಾ ನೋಡಾಕತ್ತಾರ, ಶಿವಶಿವಾ!"

"ಉಪವಾಸಂತ ಹೇಳ್ಯಾರ, ಮಿರ್ಚಿಭಜಿ ತಿಂದ ಬಂದಾರ, ಶಿವಶಿವಾ!"

"ಮೀಸಿಗಿ ಹಿಟ್ಟ ಹತ್ತೇತಿ ನೋಡ್ರೇ, ಶಿವಶಿವಾ!"

ಅಧ್ಯಕ್ಷರ ಕೈ ತಾನಾ ಮೀಸಿಗಿ ಹೋತು. ಹಿಟ್ಟು ಖರೇನಾ ಇತ್ತು. ಇಡೀ ಗುಡಿ ನೋಡಿತು. ಯಾರೋ ಹಿಂದಿನ ಸಾಲಿನ್ಯಾಗ 'ಶಿವಶಿವಾ' ಅಂದ್ರು, ಅದರ ಹಿಂದ ಎಲ್ಲಾರೂ 'ಶಿವಶಿವಾ' ಅಂದ್ರು. ಮಂದಿಗೆ ಭಕ್ತಿ ಏರೇತಿ ಅಂತ ತಿಳದು ಅತ್ತಿಯವರು ಇನ್ನೂ ಎತ್ತರಕ್ಕ ಹೋದ್ರು. ಅಧ್ಯಕ್ಷರ ಹೆಂಡತಿ ಸೆರಗ ಬಾಯಿಗೆ ಹಿಡದು, "ಮುಂಜಾನಿಂದ ನನಗೂ ಉಪವಾಸಂತಾನಾ ಹೇಳ್ಯಾರ್ರಿ" ಅಂದು ಬಿದ್ದ ಬಿದ್ದ ನಕ್ಕರು. ಮೈಕ್ ಅದನ್ನ ಹಿಡೀತು, ಕಂಬದ ಡಬ್ಬಿ ಅದನ್ನೂ ಓಣಿಗೆ ಕೇಳಿಸಿತು.

ಹಾಡು ಮುಗದು ಅತ್ತಿಯವರು ಕಣ್ಣ ತಗದ್ರ ಎಲ್ಲಾರೂ ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು. ಏನಾತಂತ ಬಾಜೂಕಿನಾಕಿ ಹೇಳಿದ್ಲು. ಅವರ ಮಾರಿ ಬೆಳ್ಳಗಾತು. ಅಧ್ಯಕ್ಷರು ಎದ್ದ ನಿಂತ್ರು. ನಗಿ ನಿಂತಿತು. ಮುಗೀತು, ಇಲ್ಲಿಗೆ ಮುಗೀತು ಅಂದಕೊಂಡೆ.

ಅಧ್ಯಕ್ಷರು ಮೀಸಿ ಒರಿಸಿಕೊಂಡ್ರು. ಕೈಯಾಗಿನ ಸೀಡಿ ನೋಡಿದ್ರು, ಮಂದಿ ನೋಡಿದ್ರು. ಆಮ್ಯಾಲ ತಾವಾ ನಗಾಕ ಹತ್ತಿದ್ರು. "ಇಷ್ಟ ಮಂದಿ ಈ ಗುಡ್ಯಾಗ ನಾ ಯಾವತ್ತೂ ನೋಡಿಲ್ಲ. ಸೀಡಿ ನನ್ನ ಮನ್ಯಾಗಿರಲಿ. ಸೋಮವಾರ ಅಕ್ಕಾರಾ ಹಾಡ್ಲಿ. ಆದ್ರ ನಾ ಮಾತ್ರ ಹಿಂದಿನ ಸಾಲಿನ್ಯಾಗ ಕುಂದ್ರತೇನಿ" ಅಂದ್ರು. ಚಪ್ಪಾಳಿ ಬಿದ್ದಿದ್ದಾ ಬಿದ್ದಿದ್ದು. ಅತ್ತಿಯವರು ಸೆರಗಿನ್ಯಾಗ ಕಣ್ಣ ಒರಿಸಿಕೊಂಡ್ರು. ಅವರ ಜಾಗಾ ಅವರಿಗೆ ಉಳೀತು.

ಮಂದಿ ಕರಗಿದ ಮ್ಯಾಲ ನನ್ನನ್ನ ಕಂಬದ ಮರಿಗೆ ಕರದ್ರು. ಎರಡೂ ಕೈಲೆ ನನ್ನ ಕೈ ಹಿಡದ್ರು. "ಅಳಿಯದೇವ್ರ, ನನ್ನ ಮಾನಾ ಉಳಿಸೀರಿ. ಮಗಾ ಇದ್ರೂ ಇಷ್ಟ ಮಾಡತಿರಲಿಲ್ಲ" ಅಂದ್ರು.

ಆಮ್ಯಾಲ ಅತ್ತಾಗ ಇತ್ತಾಗ ನೋಡಿ, ದನಿ ಸಣ್ಣ ಮಾಡಿ ಅಂದ್ರು: "ಅಂದಂಗ, ಬರೂ ಸೋಮವಾರದ್ರೊಳಗ ಆ ನಿಮ್ಮ ಗೆರಿ ಒಂಚೂರು ಡೊಂಕ ಮಾಡಿ ಕೊಡ್ರಿ."